ಲೆಕ್ಕಕ್ಕೆ ಸಿಕ್ಕ ಪೈಪುಗಳು

ತೆರಿಗೆ ನಿರೀಕ್ಷಕಿ ಭೂಮಿಕಾ ಕಂಪ್ಯೂಟರಿನ ಅಂಕಿಗಳನ್ನು ಮತ್ತೊಮ್ಮೆ ನೋಡಿದಳು. ಅನುಮಾನ ಕರಗಲಿಲ್ಲ, ಗಟ್ಟಿಯಾಯಿತು.

ಹರಪನಹಳ್ಳಿಯ ಗುಲಾಮಹುಸೇನನದು ಲೇತ್ ಅಂಗಡಿ. ಮೆಕ್ಕೆಜೋಳ ಒಕ್ಕುವ ಯಂತ್ರಗಳ ರಿಪೇರಿ ಅವನ ಕಸುಬು. ಆ ಊರಿನ ಲೇತ್‌ನವರೆಲ್ಲ ಸುಗ್ಗಿಗೆ ಮುಂಚೆ ಮಾಲು ಕೊಳ್ಳುತ್ತಾರೆ, ಬೇಸಿಗೆಯಲ್ಲಿ ಕೈಕಟ್ಟಿ ಕೂರುತ್ತಾರೆ. ಜಿಎಸ್‌ಟಿ ಲೆಕ್ಕ ಹೇಳುವುದೂ ಅದನ್ನೇ. ಇವನದೊಂದೇ ತಿರುಗುಮುರುಗು. ಬೇಸಿಗೆಯ ಉದ್ದಕ್ಕೂ ದಪ್ಪನೆಯ ಉಕ್ಕಿನ ಪೈಪು, ಸ್ಪ್ರಿಂಗು ಕೊಂಡಿದ್ದ. ಮಾರಾಟ ಮಾತ್ರ ಸೊನ್ನೆ.

ಕೂಡ್ಲಿಗಿ ಹೆದ್ದಾರಿಯಲ್ಲಿ ನಾಡ ಪಿಸ್ತೂಲು ಸಿಕ್ಕ ಸುದ್ದಿ ಅವಳಿಗೆ ನೆನಪಾಯಿತು. ಅದರ ನಳಿಗೆಯೂ ಇಂಥದೇ ಪೈಪಿನದು.

"ಪಿಸ್ತೂಲ್ ಮಾಡಾಂವ ಬಿಲ್ ತಗೊಂತಾನೇನಮ್ಮ?" ಮೇಲಧಿಕಾರಿ ವೀರಭದ್ರಯ್ಯ ನಕ್ಕರು.

"ದುರಾಸಿ ಸರ್. ಬಿಲ್ ಇದ್ರ ಕಟ್ಟಿದ ತೆರಿಗಿ ವಾಪಸ್ ಬರತೈತಲ್ರಿ."

ಗಿರಾಕಿಯಂತೆ ಹೋಗಿ ನೋಡಿದಳು. ಬಾಗಿಲಲ್ಲೇ ಆಳು ಓಬಳೇಶ್ ಅಡ್ಡ ಬಂದ.

"ರಿಪೇರಿ ಬಂದ್ ಮಾಡೇವ್ರಿ. ಬ್ಯಾರೆ ಕಡೆ ನೋಡ್ರಿ."

ಒಳಗೆ ಲೇತ್ ತಿರುಗುತ್ತಲೇ ಇತ್ತು. ಮುದುಕ ಗುಲಾಮಹುಸೇನ ತಲೆಯೆತ್ತಿ ಅವಳನ್ನೇ ದಿಟ್ಟಿಸಿದ.

"ನಮ್ಮಲ್ಲಿ ಎಲ್ಲಾ ಪಕ್ಕಾ ಬಿಲ್ ಐತವ್ವ," ಎಂದ, ಯಾರೂ ಕೇಳದಿದ್ದರೂ.

ಓಬಳೇಶ್ ತಿರುಗಿ ನೋಡಿದ. ಮುದುಕ ಮತ್ತೆ ಕೆಲಸಕ್ಕೆ ಬಗ್ಗಿದ. ಎಂಥ ಪಳಗಿದ ಕಳ್ಳ, ಎಂದುಕೊಂಡಳು ಭೂಮಿಕಾ.

ಮರುದಿನ ಪೊಲೀಸರೊಂದಿಗೆ ಬಂದಳು. ಹಿಂದಿನ ಕೋಣೆಯಲ್ಲಿ ಖಾಲಿ ಚೀಲಗಳ ರಾಶಿಯಡಿ ಪಿಸ್ತೂಲುಗಳಿದ್ದವು. ಗೋಡೆ ಹಾರಲು ಹೋದ ಓಬಳೇಶ್ ಸಿಕ್ಕಿಬಿದ್ದ. ಗುಲಾಮಹುಸೇನ ಕದಲಲಿಲ್ಲ. ಲೇತ್ ನಿಲ್ಲಿಸಿ, ಕೈ ಒರೆಸಿಕೊಂಡು ನಿಂತ.

"ಬಿಲ್ಲಿನ ಆಸೆ ಬಿಟ್ಟಿದ್ರ ನೀವು ಸಿಗ್ತಿದ್ದಿಲ್ಲ," ಎಂದಳು ಭೂಮಿಕಾ. ದನಿಯಲ್ಲಿ ಗೆಲುವಿತ್ತು.

ಮುದುಕ, ಓಬಳೇಶನನ್ನು ಹತ್ತಿಸಿಕೊಂಡ ಜೀಪು ರಸ್ತೆಯ ತಿರುವು ದಾಟುವವರೆಗೂ ನೋಡುತ್ತಿದ್ದ. ಆಮೇಲೆ ಹೊಸ್ತಿಲ ಮೇಲೆ ಕುಸಿದು ಕೂತ.

"ಆಂವ ನನ್ನ ಆಳಲ್ಲವ್ವ. ನನ್ನ ಕಾಯಾಕ ಆ ಪಿಸ್ತೂಲ್ ಮಾರೋ ಮಂದಿ ಇಟ್ಟಿದ್ದಾಂವ. ಪಿಸ್ತೂಲ್ ಮಾಡ್ಲಿಲ್ಲಂದ್ರ, ಯಾರಿಗರ ಹೇಳಿದ್ರ, ಮಗಳು ಖುಷ್ನುಮಾನ್ನ ಮುಗಿಸ್ತೀವಿ ಅಂದಿದ್ರು. ಫೋನ್ ಸೈತ ಕಸಗೊಂಡಿದ್ರು."

"ಮತ್ತ ಈ ಬಿಲ್ಲೆಲ್ಲ?" ಭೂಮಿಕಾ ಕೇಳಿದಳು.

"ಬಿಲ್ಲಿನ ಮ್ಯಾಲ ಅವರ ಕಣ್ಣು ಇದ್ದಿದ್ದಿಲ್ಲ. ಅದಕ್ಕ ಒಂದೊಂದು ಪೈಪಿಗೂ ಬಿಲ್ ಮಾಡಿಸಿದ್ನವ್ವ, ಯಾರರ ನೋಡಿ ಹಿಡಿಯಾಕ ಬರ್ಲಿ ಅಂತ."