ಮುಚ್ಚಿದ ಬಾಗಿಲಿನ ವಿದ್ಯೆ

ಕುಂಗ್‌ಫೂ ಗುರುಗಳು ಸಂಜೆ ಬಾಗಿಲು ತೆರೆದಿಟ್ಟು ಕಲಿಸುತ್ತಿದ್ದ ವರಸೆಗಳನ್ನು ಶಿಷ್ಯರು ಆಕಳಿಸುತ್ತ, ಮೊಬೈಲ್ ನೋಡುತ್ತ ಕಲಿಯುತ್ತಿದ್ದರು. ಕೊನೆಯ ವರಸೆಯೊಂದನ್ನು ಮಾತ್ರ ಗುರುಗಳು ಬೆಳಿಗ್ಗೆ ಚಿಲಕ ಹಾಕಿಕೊಂಡು ಒಬ್ಬರೇ ಅಭ್ಯಾಸ ಮಾಡುತ್ತಿದ್ದರು.

"ಅದನ್ನೂ ಕಲಿಸಿ ಗುರುಗಳೇ," ಎಂದು ಸುಗುಣ ಬೇಡಿಕೊಂಡಳು. "ನಿಮಗೂ ಎಪ್ಪತ್ತಾಯ್ತು. ನಿಮ್ಮ ಜೊತೇಲೇ ಹೋಗಿಬಿಟ್ರೆ?"

"ಹೋದ್ರೆ ಹೋಗ್ಲಿ. ಗುಟ್ಟು ಅಂದ್ರೆ ಗುಟ್ಟು ಕಣಮ್ಮ. ಕದ್ದು ನೋಡಿದವರನ್ನ ಅವತ್ತೇ ಆಚೆ ಹಾಕ್ತೀನಿ."

ಮರುದಿನ ಬೆಳಿಗ್ಗೆ ಸುಗುಣ ಚಪ್ಪಲಿ ಕೆಳಗೇ ಬಿಟ್ಟು ಮೆಟ್ಟಿಲು ಹತ್ತಿದಳು. ದೇವರೇ ಇಟ್ಟಂತೆ, ಬಾಗಿಲಲ್ಲಿ ಅವಳ ಕಣ್ಣಿನ ಮಟ್ಟಕ್ಕೇ ಒಂದು ತೂತಿತ್ತು. ಒಳಗೆ ಗುರುಗಳು ಬಾಗಿಲಿಗೆ ಮುಖ ಮಾಡಿ, ಪ್ರತಿ ಹೆಜ್ಜೆಯನ್ನೂ ನಿಧಾನವಾಗಿ ಎರಡೆರಡು ಸಲ ಇಡುತ್ತಿದ್ದರು. ವಯಸ್ಸಾಯಿತು ಪಾಪ, ಎಂದುಕೊಂಡಳು.

ಒಂದು ವರ್ಷ, ಒಂದು ದಿನವೂ ತಪ್ಪಿಸದೆ, ಉಸಿರು ಬಿಗಿಹಿಡಿದು ನೋಡಿದಳು. ಮನೆಯ ತಾರಸಿಯ ಮೇಲೆ ಮಾಡಿ ಮಾಡಿ ಕಲಿತಳು. ಅಷ್ಟು ಶ್ರದ್ಧೆಯಿಂದ ಅವಳು ದೇವರನಾಮವನ್ನೂ ಕಲಿತವಳಲ್ಲ.

ವಿದ್ಯೆ ಕೈಗೆ ಹತ್ತಿದ ಮೇಲೆ ಕದ್ದ ಪಾಪ ಚುಚ್ಚತೊಡಗಿತು. ಆಚೆ ಹಾಕಿದರೂ ಸರಿ, ಕಾಲು ಹಿಡಿದು ಒಪ್ಪಿಕೊಂಡುಬಿಡೋಣ ಎಂದು ಒಂದು ಮಧ್ಯಾಹ್ನ ಹೊರಟಳು. ಮೆಟ್ಟಿಲ ತಿರುವಿಗೆ ಬಂದಾಗ, ಮೇಲೆ ಬಾಗಿಲ ಬಳಿ ಗುರುಗಳು ಬಡಗಿಯೊಂದಿಗೆ ಮಾತಾಡುವುದು ಕೇಳಿಸಿತು.

"ಈ ತೂತು ಮುಚ್ಚಿಬಿಡಿ ಆಚಾರ್ರೇ, ಸುಗುಣಂಗೆ ಪೂರ್ತಿ ಬಂದಾಯ್ತು. ಹೊಸದಾಗಿ ಸೇರಿರೋಳು ಕುಳ್ಳಿ. ಒಂದು ಗೇಣು ಕೆಳಗೆ ಇನ್ನೊಂದು ಕೊರೀರಿ."