ಹತ್ತೊಂಬತ್ತು ಚೂರುಗಳು

ಹತ್ತೊಂಬತ್ತನೆಯ ಚೂರನ್ನೂ ಸೌಜನ್ಯ ತಿರುಗಿಸಿ ನೋಡಿದಳು. ಅದರ ಮೇಲೂ ಮಗಳ ಹೆಸರೇ. ಕೃತಿ.

"ತರಗತಿಯಲ್ಲಿರುವುದು ಇಪ್ಪತ್ನಾಲ್ಕು ಮಕ್ಕಳು. ಹತ್ತೊಂಬತ್ತು ಮಂದಿಗೆ ನನ್ನ ಮಗಳು ಬೇಡ. ಇದು ಪಾಠವೇ?"

ಇತಿಹಾಸದ ಶಿಕ್ಷಕಿ ಎಲೆನಿ ತಲೆ ತಗ್ಗಿಸಿದಳು. ಅವಳ ಅಜ್ಜಿ ಗ್ರೀಸಿನಿಂದ ಅಡಿಲೇಡಿಗೆ ಬಂದವಳು. ಏಳನೆಯ ತರಗತಿಗೆ ಪ್ರಾಚೀನ ಅಥೆನ್ಸಿನ ಪಾಠ ಮಾಡುವುದೆಂದರೆ ಎಲೆನಿಗೆ ಹಬ್ಬ.

ಅಥೆನ್ಸಿನವರು ಊರಿಗೆ ಬೇಡವಾದವನ ಹೆಸರನ್ನು ಒಡೆದ ಮಡಕೆಯ ಚೂರಿನ ಮೇಲೆ ಗೀಚಿ ಹಾಕುತ್ತಿದ್ದರು. ಹೆಚ್ಚು ಚೂರು ಯಾರಿಗೆ ಬಿತ್ತೋ ಅವನು ಹತ್ತು ವರ್ಷ ಊರು ಬಿಡಬೇಕು. ಆರೋಪವಿಲ್ಲ, ವಿಚಾರಣೆಯಿಲ್ಲ. ಎಲೆನಿ ಅದನ್ನೇ ಆಟವಾಗಿ ಆಡಿಸಿದ್ದಳು. ಮನೆಯಿಂದ ಚೂರು ತನ್ನಿ, ಇತಿಹಾಸದ ಯಾವುದಾದರೂ ದುಷ್ಟ ರಾಜನ ಹೆಸರು ಬರೆಯಿರಿ ಎಂದಿದ್ದಳು. ಐದು ಮಕ್ಕಳು ಹಾಗೇ ಬರೆದಿದ್ದರು.

"ಪಾಠದ ದಿನ ಕೃತಿ ಮೊದಲ ಸಲ ಕೈ ಎತ್ತಿದ್ದಳು," ಎಂದಳು ಎಲೆನಿ. "ಊರು ಬಿಟ್ಟವರು ಎಲ್ಲಿಗೆ ಹೋಗುತ್ತಿದ್ದರು ಎಂದು ಕೇಳಿದಳು. ಬೇರೆ ಊರಿನಲ್ಲಿ ತಮ್ಮವರು ಯಾರಾದರೂ ಇದ್ದರೆ ಅವರ ಹತ್ತಿರ ಎಂದೆ. ಎಷ್ಟು ಖುಷಿಯಾಗಿತ್ತು ನನಗೆ."

"ಈಗ ಎಲ್ಲಿದ್ದಾಳೆ?"

"ಸಿಕ್ ರೂಮಿನಲ್ಲಿ. ಅಳುತ್ತಿಲ್ಲ. ಮನೆಗೆ ಯಾವಾಗ ಹೋಗುವುದು ಎಂದಷ್ಟೇ ಕೇಳಿದಳು."

ಜನವರಿಯಲ್ಲಿ ಸೌಜನ್ಯ ಪರ್ತ್‌ನ ಪಿಯಾರಾ ವಾಟರ್ಸ್ ಮನೆಯನ್ನೂ ಗಂಡ ಪ್ರಶಾಂತನನ್ನೂ ಬಿಟ್ಟು ಮಗಳೊಂದಿಗೆ ಇಲ್ಲಿ ಅಡಿಲೇಡಿನ ಬ್ಲೇರ್ ಅಥಾಲ್‌ಗೆ ಬಂದಿದ್ದಳು. ಆಸ್ಪತ್ರೆಯ ಕೆಲಸ, ಬಾಡಿಗೆ ಮನೆ, ಹೊಸ ಶಾಲೆ. ಕೃತಿ ಒಂದು ಸಲವೂ ಅಪ್ಪನ ಮಾತೆತ್ತಲಿಲ್ಲ. ಹೊಂದಿಕೊಂಡಳು ಎಂದು ಸೌಜನ್ಯ ಸಮಾಧಾನಪಟ್ಟಿದ್ದಳು. ಆದರೆ ಊಟದ ಡಬ್ಬಿ ತುಂಬಿದ್ದಂತೆಯೇ ವಾಪಸ್ ಬರತೊಡಗಿತು. ಶಾಲೆ ಶುರುವಾದ ವಾರವೇ ಅವಳು ಮಗಳಿಗೆ ಹೇಳಿದ್ದಳು:

"ಈ ಸ್ಕೂಲಲ್ಲಿ ನಿನ್ನ ಬೇಡ ಅಂದ್ರೆ ಒಂದಿನಾನೂ ಇಲ್ಲಿರಲ್ಲ ಪುಟ್ಟಾ. ಹೊರಟ್ಬಿಡೋಣ."

"ಪ್ರಾಮಿಸ್?"

"ಪ್ರಾಮಿಸ್."

ಕೃತಿ ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದಳು.

ಶಾಲೆಯ ಆಫೀಸಿನ ಹೆಂಗಸು ಕೇಳದೆಯೇ ಚಹಾ ತಂದಿಟ್ಟಳು. ಪಕ್ಕದಲ್ಲಿ ಎರಡು ಬಿಸ್ಕತ್ತು; ಒಂದನ್ನು ಟಿಶ್ಯೂನಲ್ಲಿ ಸುತ್ತಿದ್ದಳು. "ಇದು ಮಗುವಿಗೆ," ಎಂದು ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದಳು.

ಎಲೆನಿ ಚೂರುಗಳನ್ನು ಸಾಲಾಗಿ ಜೋಡಿಸಿದಳು. "ಒಂದು ವಿಷಯ ನೋಡಿ. ಅಥೆನ್ಸಿನ ಹಳೆಯ ಬಾವಿಯೊಂದರಲ್ಲಿ ಇಂಥ ನೂರ ತೊಂಬತ್ತು ಚೂರು ಸಿಕ್ಕಿವೆ. ಎಲ್ಲದರ ಮೇಲೂ ಒಬ್ಬನದೇ ಹೆಸರು. ಬರೆದ ಕೈಗಳು ಮಾತ್ರ ಹದಿನಾಲ್ಕು. ಯಾರೋ ಮೊದಲೇ ಬರೆದಿಟ್ಟು, ಹಂಚಲು ಇಟ್ಟುಕೊಂಡಿದ್ದರು. ಇಲ್ಲಿಯೂ ಹಾಗೇ. ಮೊಳೆಯಲ್ಲಿ ಗೀಚಿದ ದೊಡ್ಡಕ್ಷರ. ಹತ್ತೊಂಬತ್ತೂ ಒಂದೇ ಕೈಯದು."

"ಯಾರ ಕೈ?"

"ಕೇಳಿದೆ. ಒಬ್ಬರೂ ಬಾಯಿ ಬಿಡುತ್ತಿಲ್ಲ. ಇಬ್ಬರು ಅತ್ತರು."

ಅಳಲಿ, ಎಂದುಕೊಂಡಳು ಸೌಜನ್ಯ. ಅಷ್ಟರಲ್ಲಿ ಫೋನು ಅದುರಿತು. ಬ್ರಿಸ್ಬೇನ್ ಪಕ್ಕದ ಇಪ್ಸ್‌ವಿಚ್‌ನಿಂದ ಹಳೆಯ ಪರಿಚಯದ ಡಾಕ್ಟರ್ ಮಹಾಬಲೇಶ್ವರ. ಅಲ್ಲಿನ ಆಸ್ಪತ್ರೆಯಲ್ಲಿ ಅವಳಿಗೊಂದು ಕೆಲಸ ನೋಡಿದ್ದರು.

"ಏನಮ್ಮಾ, ಮದುವೆ ಹೆಣ್ಣಿಗಿಂತ ಜಾಸ್ತಿ ಯೋಚನೆ ಮಾಡ್ತೀಯ! ಇವತ್ತು ಹೇಳ್ದೇ ಇದ್ರೆ ಬೇರೆಯವರಿಗೆ ಕೊಟ್ಬಿಡ್ತಾರೆ."

"ಎಷ್ಟು ವರ್ಷದ್ದು ಅಂಕಲ್?"

"ಮೂರು. ಮಧ್ಯೆ ಬಿಡೋ ಹಾಗಿಲ್ಲ, ಮೊದಲೇ ಹೇಳಿದೀನಿ. ನಮ್ಮನೆ ಮೇಲ್ಗಡೆ ರೂಮು ಖಾಲಿ ಇದೆ. ನಿಮ್ಮ ಆಂಟಿ ಆಗ್ಲೇ ಮಗೂಗೆ ಅಂತ ಬೆಡ್‌ಶೀಟ್ ತಂದ್ಬಿಟ್ಟಿದಾಳೆ."

"ಬರ್ತೀನಿ ಅಂಕಲ್."

ಕಾಗದಪತ್ರಗಳು ಫೋನಿನಲ್ಲೇ ಬಂದಿದ್ದವು. ನಿಂತಲ್ಲೇ ಬೆರಳಿನಿಂದ ಸಹಿ ಮಾಡಿ ಕಳಿಸಿದಳು. ಪರ್ತ್‌ನಿಂದ ಅಡಿಲೇಡ್, ಅಡಿಲೇಡಿನಿಂದ ಬ್ರಿಸ್ಬೇನ್. ಇಡೀ ದೇಶದ ಈ ತುದಿಯಿಂದ ಆ ತುದಿಗೆ ಮಗುವನ್ನು ಎಳೆದುಕೊಂಡು ಹೋಗುತ್ತಿದ್ದೇನೆ. ಆದರೂ ಇಲ್ಲಿ ಇನ್ನೊಂದು ದಿನ ಬೇಡ. ಕೊಟ್ಟ ಮಾತು ಉಳಿಸಿಕೊಂಡೆ.

"ಅವಳ ಪುಸ್ತಕ ಎಲ್ಲ ಕೊಟ್ಟುಬಿಡಿ," ಎಂದಳು. "ಈ ಚೂರುಗಳನ್ನೂ. ಪ್ರಿನ್ಸಿಪಾಲರಿಗೆ ತೋರಿಸುತ್ತೇನೆ."

ಎಲೆನಿ ಕೃತಿಯ ಪುಸ್ತಕಗಳನ್ನು ತರಲು ಹೋದಳು. ಸೌಜನ್ಯ ಚೂರುಗಳನ್ನು ಒಂದೊಂದಾಗಿ ಕೈಚೀಲಕ್ಕೆ ಹಾಕಿದಳು. ಎಂಟನೆಯದನ್ನು ಹಾಕುವಾಗ ಕೈ ನಿಂತಿತು. ಅದರ ಹಿಂಬದಿಯಲ್ಲಿ ಬಿಳಿ ಬಣ್ಣದ ಎಳೆಯೊಂದು ಬಳುಕಿತ್ತು. ಇನ್ನೊಂದರ ಹಿಂದೆ ಎರಡು ಚುಕ್ಕಿ. ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಳು. ಎಳೆ ಚುಕ್ಕಿಯನ್ನು ಸುತ್ತಿಕೊಂಡು ಕೂಡಿತು.

ಆ ರಂಗೋಲಿ ಅವಳೇ ಬರೆದದ್ದು. ಹಿತ್ತಿಲ ಕರಿಬೇವಿನ ಕುಂಡದ ಮೇಲೆ.

ಹೋದ ಭಾನುವಾರ ಆ ಕುಂಡ ಒಡೆದಿತ್ತು. "ವಿಂಡ್, ಅಮ್ಮಾ," ಎಂದಿದ್ದಳು ಕೃತಿ. ಗಿಡವನ್ನು ತಾನೇ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೆಟ್ಟು, ಚೂರುಗಳನ್ನೆಲ್ಲ ತಾನೇ ಆಯ್ದು ತೆಗೆದಿದ್ದಳು. ಎಷ್ಟು ಒಳ್ಳೆಯ ಮಗು ಎಂದು ಸೌಜನ್ಯ ಅವಳ ತಲೆ ಸವರಿದ್ದಳು.

ಪುಸ್ತಕಗಳನ್ನು ಹೊತ್ತು ಬಂದ ಎಲೆನಿ ಮೇಲಿದ್ದ ಒಂದು ಕಾರ್ಡನ್ನು ಚಾಚಿದಳು. ಮಕ್ಕಳು ಬಣ್ಣದ ಪೆನ್ಸಿಲಿನಲ್ಲಿ ಬರೆದ ವಿಮಾನ, ಅದರ ಸುತ್ತ ಹತ್ತೊಂಬತ್ತು ಸಹಿ. ಒಂದರಂತೆ ಇನ್ನೊಂದಿಲ್ಲ, ಹತ್ತೊಂಬತ್ತು ಬೇರೆ ಬೇರೆ ಕೈ.

"ಕೃತಿ, ನೀನು ಹೋಗುವುದು ನಮಗೆ ಇಷ್ಟವಿಲ್ಲ, ಆದರೂ ನೀನು ಕೊಟ್ಟ ಚೂರನ್ನೇ ಹಾಕಿದ್ದೇವೆ, ಪರ್ತ್‌ಗೆ ಹೋದಮೇಲೆ ನಿನ್ನ ಅಪ್ಪನನ್ನು ನಮ್ಮ ಪರವಾಗಿಯೂ ಒಮ್ಮೆ ಅಪ್ಪಿಕೋ."