ನೋಡಿದವರು ಯಾರೂ ಇಲ್ಲ

"ನಿಮ್ಮನೇಲಿ ಭಾನುವಾರ ಮಧ್ಯಾಹ್ನ ಪೂರ್ತಿ ಎರಡು ತಾಸು ಟಿವಿ ಓಡಿದೆ. ಕಾಲೇಜು ಹುಡುಗೀರ ಬ್ಯಾಸ್ಕೆಟ್‌ಬಾಲ್. ಆದ್ರೆ ನೋಡಿದವರು ಯಾರೂ ಇಲ್ಲ," ಎಂದಳು ಟಿವಿ ಲೆಕ್ಕದ ಕಂಪನಿಯಿಂದ ಬಂದಿದ್ದ ಮರಿಸೋಲ್, ತೊಡೆಯ ಮೇಲಿನ ಲ್ಯಾಪ್‌ಟಾಪ್ ನೋಡುತ್ತಾ. "ಅದರ ಹಿಂದಿನ ಭಾನುವಾರಾನೂ ಹಾಗೇ. ಡಬ್ಬಿ ಕೆಟ್ಟಿದೆಯೇನೋ ಅಂತ ಬಂದೆ ಸರ್."

"ಡಬ್ಬಿ ಚೆನ್ನಾಗೇ ಇದೆ," ಎಂದ ವರ್ಲಿನ್ ತನ್ನ ಒರಗು ಕುರ್ಚಿಯಿಂದ ಏಳದೆ. "ಯಾರೂ ನೋಡಿಲ್ಲ, ಅದಕ್ಕೇ ಸೊನ್ನೆ ಬಂದಿದೆ. ಹುಡುಗೀರ ಆಟ ಯಾರು ನೋಡ್ತಾರಮ್ಮ?"

ಅವನ ಹೆಂಡತಿ ಆರ್ಡಿತ್ ಕಾಫಿ ಜಗ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಗಂಡನ ಮಾತಿಗೆ ಎದುರಾಡದೆ ನಲವತ್ತಾರು ವರ್ಷ ಕಳೆದಿದ್ದಳು.

ದೇಶದಲ್ಲಿ ಯಾರು ಟಿವಿಯಲ್ಲಿ ಏನು ನೋಡುತ್ತಾರೆಂದು ಎಣಿಸುವ ಕಂಪನಿಯೊಂದು ಅಮೆರಿಕದ ಅಯೋವಾ ರಾಜ್ಯದ ಈ ಮೂಲೆಯಲ್ಲಿ ಆರಿಸಿಕೊಂಡಿದ್ದು ಇವರ ಮನೆಯನ್ನು. ಟಿವಿ ಪಕ್ಕ ಒಂದು ಪುಟ್ಟ ಡಬ್ಬಿ, ಅದಕ್ಕೊಂದು ರಿಮೋಟು. ಒಂದನೇ ಗುಂಡಿ ವರ್ಲಿನ್‌ನದು, ಎರಡನೆಯದು ಆರ್ಡಿತ್‌ಳದು. ನೋಡಲು ಕೂತವರು ತಮ್ಮ ತಮ್ಮ ಗುಂಡಿ ಒತ್ತಬೇಕು. ಊರಲ್ಲಿ ಯಾರಿಗೂ ಇದನ್ನು ಹೇಳುವಂತಿಲ್ಲ. ನಿಮ್ಮ ಒಂದು ಮನೆ ಎಂದರೆ ಸಾವಿರಾರು ಮನೆಗಳ ಲೆಕ್ಕ ಎಂದು ಮೊದಲ ದಿನ ಕಂಪನಿಯವರು ಹೇಳಿದ್ದೇ ತಡ, ವರ್ಲಿನ್‌ಗೆ ಸೆನೆಟರ್ ಆದಷ್ಟು ಜಂಭ ಬಂದುಬಿಟ್ಟಿತ್ತು.

ಆ ಜಂಭದ ದರ್ಬಾರು ದಿನಾ ಬೆಳಿಗ್ಗೆ ಪೆಟ್ರೋಲ್ ಬಂಕಿನ ಕಾಫಿ ಮೇಜಿನಲ್ಲಿ ನಡೆಯುತ್ತಿತ್ತು. ಬೀಜದ ಕಂಪನಿಯ ಪುಕ್ಕಟೆ ಟೋಪಿ ಹಾಕಿಕೊಂಡ ನಾಲ್ಕು ಮುದುಕರು ಅಲ್ಲಿ ಸಭಾಸದರು. ಹುಡುಗರ ಫೈನಲ್‌ಗಿಂತ ಹುಡುಗೀರ ಫೈನಲ್ಲೇ ಜಾಸ್ತಿ ಜನ ನೋಡಿದ್ರಂತೆ ಎಂದು ಅವರಲ್ಲಿ ಒಬ್ಬ ಬಾಯಿ ಬಿಟ್ಟರೆ ಸಾಕು, "ಎಲ್ಲಾ ಬೊಗಳೆ ಕಣ್ರೋ. ನಾಲ್ಕು ದಿನ ಪೇಪರಿನೋರು ಕುಣಿದ್ರು, ಇನ್ನು ಅದನ್ನ ನಾಯೀನೂ ಮೂಸಲ್ಲ. ನಂಗೆ ಒಳಗಿನ ವಿಷಯ ಗೊತ್ತು," ಎನ್ನುತ್ತಿದ್ದ ವರ್ಲಿನ್.

ಆ ಒಳಗಿನ ವಿಷಯ ಏನೆಂದು ಆರ್ಡಿತ್‌ಗೆ ಗೊತ್ತಿತ್ತು. ನವೆಂಬರಿನಲ್ಲಿ ಹುಡುಗಿಯರ ಮೊದಲ ಆಟದ ದಿನ ಅವಳು ತನ್ನ ಗುಂಡಿ ಒತ್ತಿದಾಗ ವರ್ಲಿನ್ ಕೈ ಚಾಚಿ ಅದನ್ನು ಆಫ್ ಮಾಡಿದ್ದ. "ನನ್ನ ಮನೆಯಿಂದ ಆ ನಂಬರು ಏರೋದು ಬೇಡ," ಎಂದು ನಕ್ಕಿದ್ದ. ಆಮೇಲೆ ಡಬ್ಬಿಯ ರಿಮೋಟು ಅವನ ಕುರ್ಚಿಯ ಜೇಬು ಸೇರಿತು. ಒಂದೇ ಬೆರಳಿನಲ್ಲಿ ಸಾವಿರಾರು ಹೆಂಗಸರನ್ನು ಒರೆಸಿಹಾಕಿದ ಮಹಾನುಭಾವ! ಆಟದವರ ಲೆಕ್ಕ ಏನಾದರೂ ಆಗಲಿ, ತನ್ನ ಮನೆಯ ಸೋಫಾದಲ್ಲಿ ತಾನು ಕೂತೇ ಇರಲಿಲ್ಲ ಎಂದಾದದ್ದು ಆರ್ಡಿತ್‌ಗೆ ಅವತ್ತಿನಿಂದ ಚುಚ್ಚುತ್ತಲೇ ಇತ್ತು.

"ಹಾಗಾದ್ರೆ ರೂಮಲ್ಲಿ ಯಾರೂ ಇರ್ಲಿಲ್ಲ ಅಂತ ಬರ್ಕೊಳ್ಲಾ?" ಮರಿಸೋಲ್ ಕೇಳಿದಳು. "ಇವತ್ತು ಬರೆದಿದ್ದೇ ಖಾಯಂ ಆಗುತ್ತೆ."

"ಬರ್ಕೋ."

ಆರ್ಡಿತ್ ಜಗ್ಗನ್ನು ಮೇಜಿನ ಮೇಲೆ ಇಟ್ಟಳು. "ನಾನಿದ್ದೆ ಕಣಮ್ಮ. ನವೆಂಬರಿನಿಂದ ಒಂದು ಆಟಾನೂ ಬಿಟ್ಟಿಲ್ಲ. ಗುಂಡಿ ಒತ್ತೋಕೆ ಇವನು ಬಿಟ್ಟಿಲ್ಲ."

"ಸ್ವೆಟರ್ ಹೆಣೀತಾ ಕೂತಿದ್ಲು," ಎಂದ ವರ್ಲಿನ್. "ಅದು ನೋಡಿದ ಹಾಗಾ?"

"ರೂಮಲ್ಲಿದ್ದು ಟಿವಿ ಕಡೆ ಕಣ್ಣಿದ್ರೆ ಸಾಕು ಸರ್. ಕೈಯಲ್ಲಿ ಏನಿದ್ರೂ ನಡೆಯುತ್ತೆ."

"ನಿದ್ದೆ ಹೋಗಿದ್ರೆ?" ಎಂದು ಆರ್ಡಿತ್ ಕೇಳಿದಳು.

"ನಿದ್ದೆ ಹೋದೋರು ಲೆಕ್ಕಕ್ಕಿಲ್ಲ ಮೇಡಂ. ಗುಂಡಿ ಆಫ್ ಮಾಡಿಬಿಡಬೇಕು."

"ಹಾಗಿದ್ರೆ ಶನಿವಾರದ ಹುಡುಗರ ಆಟಕ್ಕೆ ಒಂದನೇ ಗುಂಡಿ ಬಿದ್ದಿದೆಯಲ್ಲ, ಅದನ್ನ ಹೊಡೆದುಹಾಕು. ಎಲ್ಲಾ ಶನಿವಾರಾನೂ."

ವರ್ಲಿನ್ ಕುರ್ಚಿಯಲ್ಲಿ ನೆಟ್ಟಗಾದ. ಕಿವಿಯವರೆಗೂ ಕೆಂಪೇರಿದ್ದ. "ಏ ಆರ್ಡಿ, ಸುಮ್ನಿರು. ನಾನು ಬರೀ ಕಣ್ಣು ಮುಚ್ಕೊಂಡಿರ್ತೀನಿ, ಅಷ್ಟೇ."

ಮರಿಸೋಲ್ ನಗು ತಡೆದುಕೊಂಡು ಕೆಳಗೆ ನೋಡಿದಳು. "ಹಾಗಾದ್ರೆ ಆ ಆಟಗಳಿಗೂ ಸೊನ್ನೆ ಹಾಕ್ಲಾ ಮೇಡಂ?"

"ಸೊನ್ನೆ ಯಾಕೆ?" ಎಂದಳು ಆರ್ಡಿತ್, ಕಾಫಿಯನ್ನು ಮೊದಲು ತನ್ನ ಬಟ್ಟಲಿಗೆ ಬಗ್ಗಿಸಿಕೊಳ್ಳುತ್ತಾ. "ಎರಡನೇದು ಒತ್ತು. ಇವನ ಗೊರಕೆ ಕೇಳ್ಕೊಂಡು ಅದನ್ನೂ ನೋಡಿದ್ದು ನಾನೇ."